ಪದಕ ತೋರಿಸಿದರು, ಸಾಕ್ಷ್ಯ ಬಚ್ಚಿಟ್ಟರು: 2004ರ ಚುನಾವಣೆಯಲ್ಲಿ ಜಾನ್ ಕೆರಿ

ವಿಯೆಟ್ನಾಂ ಯುದ್ಧಕ್ಕೆ ತಾವಾಗಿಯೇ ಹೋಗಿ, ಶೌರ್ಯಕ್ಕೆ ಎರಡು ಪದಕ ಮತ್ತು ಗಾಯಕ್ಕೆ ಮೂರು ಪದಕ ಪಡೆದು ಬಂದ ಒಬ್ಬರು ಡೆಮಾಕ್ರಟಿಕ್ ಪಕ್ಷದಿಂದ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದರು. ಎದುರಿಗಿದ್ದ ಆಗಿನ ಅಧ್ಯಕ್ಷ, ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್ ವಿಯೆಟ್ನಾಂ ಯುದ್ಧದ ಕಾಲದಲ್ಲಿ ಟೆಕ್ಸಸ್ ಏರ್ ನ್ಯಾಷನಲ್ ಗಾರ್ಡ್‌ನಲ್ಲಿ ಪೈಲಟ್ ಆಗಿ ದೇಶದೊಳಗೇ ಇದ್ದವರು. ಉಪಾಧ್ಯಕ್ಷ ಡಿಕ್ ಚೇನಿ ಕಡ್ಡಾಯ ಸೇನಾ ಸೇವೆಯಿಂದ ಐದು ಸಲ ವಿನಾಯಿತಿ ಪಡೆದು ಸೇನೆಗೇ ಸೇರದವರು. ಆದರೂ 2004ರ ಆಗಸ್ಟ್‌ನಲ್ಲಿ ದೇಶಪ್ರೇಮದ ಪ್ರಶ್ನೆಗೆ ಉತ್ತರ ಕೊಡಬೇಕಾಗಿ ಬಂದದ್ದು ಪದಕ ಇದ್ದ ಜಾನ್ ಕೆರಿಗೆ.

ಇದು ಹೇಗಾಯಿತು ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಇಷ್ಟು: ದುಡ್ಡಿದ್ದವರು ಅವರ ಯುದ್ಧಸೇವೆಯ ಬಗ್ಗೆ ಸುಳ್ಳು ಜಾಹೀರಾತು ಮಾಡಿದರು, ಕೆರಿ ತಡವಾಗಿ ಎದ್ದರು. ಇದರಲ್ಲಿ ತಪ್ಪೇನಿಲ್ಲ. ಆದರೆ ಇದು ಅರ್ಧ ಉತ್ತರ ಮಾತ್ರ. ಆ ಸುಳ್ಳು ಒಳಗೆ ನುಗ್ಗಲು ಬಾಗಿಲು ತೆರೆದಿಟ್ಟದ್ದು ಕೆರಿಯವರ ಪ್ರಚಾರವೇ ಅಂತ ನಾನು ನಂಬುತ್ತೇನೆ. ತಮ್ಮ ದೇಶಪ್ರೇಮದಲ್ಲಿ ಅರ್ಧವನ್ನು ಅವರು ವೇದಿಕೆಗೆ ತಂದರು, ಉಳಿದರ್ಧವನ್ನು ಹಿಂದೆ ಬಿಟ್ಟರು. ಧರ್ಮದ ವಿಷಯದಲ್ಲೂ ಹೆಚ್ಚು ಕಡಿಮೆ ಹೀಗೇ ಆಯಿತು. ಈ ಎರಡನ್ನೂ ಒಟ್ಟಿಗೆ ನೋಡಿದರೆ ಮಾತ್ರ ಪ್ರಕರಣ ಅರ್ಥವಾಗುತ್ತದೆ.

ದೋಣಿಯಿಂದ ಸೆನೆಟ್‌ವರೆಗೆ

ಕೆರಿ 1966ರಲ್ಲಿ ಯೇಲ್ ವಿಶ್ವವಿದ್ಯಾಲಯದ ಓದು ಮುಗಿಸಿದರು. ಪದವಿ ಸಮಾರಂಭದ ಹೊತ್ತಿನಲ್ಲಿ ಸಹಪಾಠಿಗಳ ಪರವಾಗಿ ಮಾತಾಡಿದವರೂ ಅವರೇ. ಆ ಭಾಷಣದಲ್ಲಿ ಅಮೆರಿಕದ ವಿಯೆಟ್ನಾಂ ನೀತಿಯನ್ನು ಪ್ರಶ್ನಿಸಿದರು. ಅಷ್ಟರಲ್ಲಾಗಲೇ ಅವರು ನೌಕಾಪಡೆಗೆ ಹೆಸರು ಕೊಟ್ಟಾಗಿತ್ತು. ಅಂದರೆ ಸಂಶಯ ಇಟ್ಟುಕೊಂಡೇ ಸಮವಸ್ತ್ರ ತೊಟ್ಟವರು ಅವರು. ಈ ಒಂದು ವಿವರ ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಯುದ್ಧಕ್ಕೆ ಹೋಗುವಾಗ ಭಕ್ತ, ವಾಪಸ್ ಬಂದ ಮೇಲೆ ವಿರೋಧಿ ಅಂತ ಅವರನ್ನು ಎರಡಾಗಿ ಕತ್ತರಿಸಲು ಆಗುವುದಿಲ್ಲ. ಮೊದಲಿನಿಂದಲೂ ಎರಡೂ ಜೊತೆಗೇ ಇದ್ದವು.

1968ರ ಕೊನೆಯಲ್ಲಿ ಅವರಿಗೆ ಸ್ವಿಫ್ಟ್ ಬೋಟ್‌ನ ಹೊಣೆ ಸಿಕ್ಕಿತು. ಇದು ಸುಮಾರು 50 ಅಡಿ ಉದ್ದದ ಅಲ್ಯೂಮಿನಿಯಂ ದೋಣಿ. ಒಬ್ಬ ಅಧಿಕಾರಿ, ಐದು ಜನ ನಾವಿಕರು. ಮೊದಲು ಕರಾವಳಿ ಕಾಯಲು ಇದ್ದ ಈ ದೋಣಿಗಳನ್ನು ಆ ಹೊತ್ತಿಗೆ ಮೆಕಾಂಗ್ ಮುಖಜಭೂಮಿಯ ಕಿರಿದಾದ ನದಿ, ಕಾಲುವೆಗಳ ಒಳಗೆ ಕಳಿಸಲು ಶುರುಮಾಡಿದ್ದರು. ಎರಡೂ ದಡದಲ್ಲಿ ಗಿಡಗಂಟೆ, ಅದರ ಹಿಂದೆ ಯಾರಿದ್ದಾರೋ ಗೊತ್ತಿಲ್ಲ. ತೆಳು ತಗಡಿನ ದೋಣಿಗೆ ಅದು ಸಾವಿನ ದಾರಿ.

ನಾಲ್ಕು ತಿಂಗಳ ಆಸುಪಾಸಿನಲ್ಲಿ ಗಾಯಗೊಂಡವರಿಗೆ ಕೊಡುವ ಪರ್ಪಲ್ ಹಾರ್ಟ್ ಪದಕ ಮೂರು ಬಂದವು. ಇನ್ನೆರಡು ಘಟನೆಗಳು ಮುಂದೆ ಚುನಾವಣೆಯ ವಿಷಯವಾದವು. 1969ರ ಫೆಬ್ರವರಿ 28ರಂದು ದಡದಿಂದ ದಾಳಿಯಾದಾಗ ಕೆರಿ ದೋಣಿಯನ್ನು ಓಡಿಸಿಕೊಂಡು ಹೋಗಲಿಲ್ಲ, ಗುಂಡು ಬರುತ್ತಿದ್ದ ಕಡೆಗೇ ತಿರುಗಿಸಿ ದಡ ಹತ್ತಿದರು. ರಾಕೆಟ್ ಲಾಂಚರ್ ಹಿಡಿದಿದ್ದವನ ಹಿಂದೆ ಓಡಿ ಅವನನ್ನು ಕೊಂದರು. ಅದಕ್ಕೆ ಸಿಲ್ವರ್ ಸ್ಟಾರ್ ಎಂಬ ಶೌರ್ಯ ಪದಕ. ಮಾರ್ಚ್ 13ರಂದು ಬೇ ಹಾಪ್ ನದಿಯಲ್ಲಿ ಪಕ್ಕದ ದೋಣಿಯೊಂದರ ಕೆಳಗೆ ಮೈನ್ ಸಿಡಿಯಿತು. ಆ ಗಲಾಟೆಯಲ್ಲಿ ಕೆರಿಯವರ ದೋಣಿಯಿಂದ ಭೂಸೇನೆಯ ಜಿಮ್ ರಾಸ್‌ಮನ್ ಎಂಬ ಅಧಿಕಾರಿ ನೀರಿಗೆ ಬಿದ್ದರು. ಕೆರಿ ವಾಪಸ್ ಬಂದು, ತೋಳಿಗೆ ಪೆಟ್ಟಾಗಿದ್ದರೂ ಬಗ್ಗಿ, ರಾಸ್‌ಮನ್‌ರನ್ನು ಕೈಹಿಡಿದು ಮೇಲೆಳೆದರು. ಅದಕ್ಕೆ ಬ್ರಾಂಝ್ ಸ್ಟಾರ್.

ಮೂರು ಸಲ ಗಾಯಗೊಂಡವರು ವರ್ಗ ಕೇಳಬಹುದು ಅಂತ ನಿಯಮ ಇತ್ತು. ಅದರಂತೆ ಅವರು ಅಮೆರಿಕಕ್ಕೆ ಮರಳಿದರು.

1971ರ ಏಪ್ರಿಲ್ 22ರಂದು ಸೆನೆಟ್‌ನ ವಿದೇಶಾಂಗ ಸಮಿತಿಯ ಮುಂದೆ ಅವರು ಸಾಕ್ಷ್ಯ ಹೇಳಿದರು. ಸೆನೆಟರ್ ಫುಲ್‌ಬ್ರೈಟ್ ಅಧ್ಯಕ್ಷರಾಗಿದ್ದರು. ಕೆರಿಗೆ ಆಗ 27 ವರ್ಷ. ತಪ್ಪೊಂದರ ಸಲುವಾಗಿ ಸಾಯುವ ಕೊನೆಯ ಮನುಷ್ಯ ನೀನಾಗು ಅಂತ ಒಬ್ಬನನ್ನು ಹೇಗೆ ಕೇಳುತ್ತೀರಿ ಎಂದು ಅವರು ಕೇಳಿದ ಪ್ರಶ್ನೆ ಅಮೆರಿಕದ ರಾಜಕೀಯದಲ್ಲಿ ಇವತ್ತಿಗೂ ಉಳಿದಿದೆ. ಆದರೆ ಅದೇ ಸಾಕ್ಷ್ಯದಲ್ಲಿ ಇನ್ನೊಂದು ಭಾಗವೂ ಇತ್ತು. ಕೆಲವು ತಿಂಗಳ ಹಿಂದೆ ಡೆಟ್ರಾಯಿಟ್‌ನಲ್ಲಿ ಮಾಜಿ ಸೈನಿಕರು ಸೇರಿ ತಾವು ಮಾಡಿದ, ಕಂಡ ಕ್ರೌರ್ಯಗಳನ್ನು ಬಾಯಿಬಿಟ್ಟು ಹೇಳಿದ್ದರು. ಅತ್ಯಾಚಾರ, ಅಂಗಚ್ಛೇದ, ಊರಿಗೆ ಊರೇ ಸುಡುವುದು. ಕೆರಿ ಆ ಮಾತುಗಳನ್ನು ಸಮಿತಿಗೆ ತಲುಪಿಸಿದರು. ಇವು ಎಲ್ಲೋ ಒಂದೆರಡು ಕಡೆ ನಡೆದದ್ದಲ್ಲ ಅಂತಲೂ ಹೇಳಿದರು. ತಪ್ಪಿನ ಹೊರೆಯನ್ನು ಸೈನಿಕರ ಮೇಲೆ ಹಾಕದೆ, ಅವರನ್ನು ಕಳಿಸಿ ನಡುನೀರಿನಲ್ಲಿ ಕೈಬಿಟ್ಟ ನಾಯಕರ ಮೇಲೆ ಹಾಕಿದರು. ಆದರೆ ಆಗ ಇನ್ನೂ ಯುದ್ಧದಲ್ಲಿದ್ದ, ಶತ್ರುಗಳ ರಾಜಧಾನಿ ಹನೋಯ್‌ನ ಸೆರೆಯಲ್ಲಿದ್ದ ಎಷ್ಟೋ ಜನರಿಗೆ ಕೇಳಿಸಿದ್ದು ಒಂದೇ: ನಮ್ಮವನೇ ನಮ್ಮನ್ನು ಕೊಲೆಗಡುಕರು ಅಂದ.

ಮಾರನೇ ದಿನ ನೂರಾರು ಮಾಜಿ ಸೈನಿಕರು ಸಂಸತ್ತು ಇರುವ ಕ್ಯಾಪಿಟಲ್ ಕಟ್ಟಡದ ಬೇಲಿಯಾಚೆಗೆ ತಮ್ಮ ಪದಕಗಳನ್ನು ಎಸೆದರು. ಕೆರಿ ತಮ್ಮ ರಿಬ್ಬನ್‌ಗಳನ್ನು ಎಸೆದರು. ಅದರ ಜೊತೆ ಬರಲಾಗದ ಬೇರೆಯವರು ಕೊಟ್ಟಿದ್ದ ಪದಕಗಳನ್ನೂ ಎಸೆದರು.

ಆಗ ಅವರನ್ನು ಎದುರಿಸಲು ನಿಕ್ಸನ್ ಅವರ ಶ್ವೇತಭವನ ಇನ್ನೊಬ್ಬ ಯುವ ಮಾಜಿ ನೌಕಾಧಿಕಾರಿಯನ್ನು ಬೆಂಬಲಿಸಿತು. ಅವರು ಜಾನ್ ಓನೀಲ್. ಕೆರಿ ಬಿಟ್ಟುಹೋದ ಪಿಸಿಎಫ್-94 ದೋಣಿಯನ್ನೇ ನಂತರ ನಡೆಸಿದವರು. 1971ರ ಜೂನ್‌ನಲ್ಲಿ ಟಿವಿಯಲ್ಲಿ ಇಬ್ಬರೂ ಮುಖಾಮುಖಿಯಾದರು. 33 ವರ್ಷಗಳ ನಂತರ ಅದೇ ಓನೀಲ್ ಮತ್ತೆ ಕಾಣಿಸಿಕೊಂಡರು.

ನಂಬಿಕೆಯ ಕಡೆಯಿಂದ

ಕೆರಿ ಕ್ಯಾಥೊಲಿಕರು. ಹುಡುಗನಾಗಿದ್ದಾಗ ಚರ್ಚಿನ ಪೂಜೆಯಲ್ಲಿ ಪಾದ್ರಿಗಳಿಗೆ ನೆರವಾಗುತ್ತಿದ್ದವರು. ಬಾಸ್ಟನ್‌ನಲ್ಲಿ ಅವರು ಹೋಗುತ್ತಿದ್ದ ಪಾಲಿಸ್ಟ್ ಸೆಂಟರ್ ಉದಾರ ಮನೋಭಾವಕ್ಕೆ ಹೆಸರಾದ ಕ್ಯಾಥೊಲಿಕ್ ಸಮುದಾಯ. ಗರ್ಭಪಾತವನ್ನು ವೈಯಕ್ತಿಕವಾಗಿ ಒಪ್ಪುವುದಿಲ್ಲ, ಆದರೆ ನನ್ನ ಧರ್ಮದ ನಂಬಿಕೆಯನ್ನು ಅದನ್ನು ಒಪ್ಪದವರ ಮೇಲೆ ಕಾನೂನಾಗಿ ಹೇರುವುದಿಲ್ಲ ಅನ್ನುವುದು ಅವರ ನಿಲುವು.

2004ರ ಜನವರಿಯಲ್ಲಿ, ಸೇಂಟ್ ಲೂಯಿಸ್‌ನ ಮಹಾಧರ್ಮಾಧ್ಯಕ್ಷ ರೇಮಂಡ್ ಬರ್ಕ್ ಈ ನಿಲುವಿಗಾಗಿ ತಾನಾದರೆ ಕೆರಿಗೆ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿ, ಕೊಡುವುದಿಲ್ಲ ಎಂದರು. ಅಲ್ಲಿಂದ ಶುರು. ಈಸ್ಟರ್ ದಿನ ಕೆರಿ ಪಾಲಿಸ್ಟ್ ಸೆಂಟರ್‌ನಲ್ಲಿ ಪ್ರಸಾದ ತೆಗೆದುಕೊಂಡರೋ ಇಲ್ಲವೋ ಅನ್ನುವುದೂ ರಾಷ್ಟ್ರದ ಸುದ್ದಿಯಾಯಿತು (ತೆಗೆದುಕೊಂಡರು). ಒಬ್ಬ ಮನುಷ್ಯ ದೇವರ ಮುಂದೆ ನಾಲಿಗೆ ಚಾಚುವ ಹೊತ್ತಿಗೆ ಕ್ಯಾಮೆರಾ ಕಾಯುತ್ತಿರುವುದು ನನಗೆ ತುಂಬ ನೋವಿನ ವಿಷಯ. ಜೂನ್‌ನಲ್ಲಿ ಅಮೆರಿಕದ ಧರ್ಮಾಧ್ಯಕ್ಷರೆಲ್ಲ ಸೇರಿ, ಪ್ರಸಾದ ಕೊಡುವುದು ಬಿಡುವುದು ಆಯಾ ಧರ್ಮಾಧ್ಯಕ್ಷರಿಗೆ ಬಿಟ್ಟದ್ದು ಅಂತ 183–6 ಮತಗಳಿಂದ ತೀರ್ಮಾನಿಸಿದರು. ವಿವಾದ ಅಲ್ಲಿಗೆ ನಿಲ್ಲಲಿಲ್ಲ.

ಇಲ್ಲಿ 1960ನ್ನು ನೆನೆಯಲೇಬೇಕು. ಆಗ ಇನ್ನೊಬ್ಬ ಮ್ಯಾಸಚೂಸೆಟ್ಸ್ ಸೆನೆಟರ್, ಇನ್ನೊಬ್ಬ ಕ್ಯಾಥೊಲಿಕ್, ಇನ್ನೊಬ್ಬ ಚಿಕ್ಕ ಯುದ್ಧದೋಣಿಯ ನಾಯಕ ಜಾನ್ ಕೆನಡಿ ಚುನಾವಣೆಗೆ ನಿಂತಿದ್ದರು. ಸೆಪ್ಟೆಂಬರ್ 12ರಂದು ಹ್ಯೂಸ್ಟನ್‌ನಲ್ಲಿ ಪ್ರಾಟೆಸ್ಟೆಂಟ್ ಪಾದ್ರಿಗಳ ಮುಂದೆ ನಿಂತು ಚರ್ಚು ಬೇರೆ, ಸರಕಾರ ಬೇರೆ ಎಂದರು. ಅಲ್ಲೇ ಇನ್ನೊಂದು ಮಾತು ಸೇರಿಸಿದರು: ನಾನು ದಕ್ಷಿಣ ಪೆಸಿಫಿಕ್‌ನಲ್ಲಿ ಹೋರಾಡಿದ್ದು, ನನ್ನ ಅಣ್ಣ ಯುರೋಪಿನಲ್ಲಿ ಸತ್ತದ್ದು ಇಂಥ ಅಮೆರಿಕಕ್ಕಾಗಿ, ನಿಮ್ಮ ನಿಷ್ಠೆ ಎರಡು ಕಡೆ ಹಂಚಿಹೋಗಿದೆ ಅಂತ ಆಗ ಯಾರೂ ನಮಗೆ ಹೇಳಲಿಲ್ಲ. ಸೇನೆಯಲ್ಲಿ ದುಡಿದದ್ದನ್ನೇ ಕೆನಡಿ ನಂಬಿಕೆಯ ಪ್ರಶ್ನೆಗೆ ಉತ್ತರವಾಗಿ ಇಟ್ಟರು. ಎರಡೂ ಒಂದೇ ವಾದವಾಗಿ ಹೆಣೆದುಕೊಂಡವು.

ಕೆನಡಿ ಮೇಲಿನ ಅನುಮಾನ ಅವರು ಪೋಪ್ ಹೇಳಿದ್ದನ್ನೆಲ್ಲ ಕೇಳುತ್ತಾರೆ ಅಂತ. ಕೆರಿ ಮೇಲಿನ ದೂರು ಅವರು ಚರ್ಚಿನ ಮಾತನ್ನು ಸಾಕಷ್ಟು ಕೇಳುವುದಿಲ್ಲ ಅಂತ. 44 ವರ್ಷದಲ್ಲಿ ಪ್ರಶ್ನೆ ತಲೆಕೆಳಗಾಗಿತ್ತು. ಹಾಗಾಗಿ ಕೆನಡಿಯ ಉತ್ತರವನ್ನೇ ಮತ್ತೆ ಹೇಳಿದರೆ ಸಾಲುತ್ತಿರಲಿಲ್ಲ. ಬೇರೆ ಉತ್ತರ ಬೇಕಿತ್ತು: ನನ್ನ ನಂಬಿಕೆ ಸಡಿಲವಾದದ್ದಲ್ಲ, ಅದು ನನ್ನನ್ನು ಯುದ್ಧದಲ್ಲಿ ಕಾಪಾಡಿತು, ಯುದ್ಧದ ಬಗ್ಗೆ ಸತ್ಯ ಹೇಳುವ ಧೈರ್ಯವನ್ನೂ ಕೊಟ್ಟಿತು, ಇನ್ನೊಬ್ಬರ ಅಂತಃಸಾಕ್ಷಿಯನ್ನು ಗೌರವಿಸುವುದೂ ಆ ನಂಬಿಕೆಯ ಭಾಗವೇ. ಈ ಉತ್ತರಕ್ಕೆ ಬೇಕಾದ ಸಾಮಗ್ರಿಯೆಲ್ಲ ಅವರ ಬದುಕಿನಲ್ಲೇ ಇತ್ತು.

ಬಾಸ್ಟನ್‌ನ ಆ ರಾತ್ರಿ

2004ರ ಜುಲೈ 29. ಡೆಮಾಕ್ರಟಿಕ್ ಪಕ್ಷದ ಸಮಾವೇಶದ ಕೊನೆಯ ರಾತ್ರಿ. ಕೆರಿಯವರನ್ನು ವೇದಿಕೆಗೆ ಕರೆದವರು ಮ್ಯಾಕ್ಸ್ ಕ್ಲೀಲಂಡ್. ವಿಯೆಟ್ನಾಂನಲ್ಲಿ ಎರಡು ಕಾಲು, ಬಲಗೈ ಕಳೆದುಕೊಂಡವರು. ಎರಡು ವರ್ಷದ ಹಿಂದೆ, 2002ರಲ್ಲಿ, ಜಾರ್ಜಿಯಾದ ತಮ್ಮ ಸೆನೆಟ್ ಸ್ಥಾನವನ್ನೂ ಕಳೆದುಕೊಂಡಿದ್ದರು. ಅವರ ವಿರುದ್ಧದ ಒಂದು ಜಾಹೀರಾತಿನಲ್ಲಿ ಒಸಾಮಾ ಬಿನ್ ಲಾಡೆನ್ ಮತ್ತು ಸದ್ದಾಂ ಹುಸೇನ್ ಚಿತ್ರಗಳಿದ್ದವು. ಗಾಲಿಕುರ್ಚಿಯ ಮೇಲಿದ್ದ ಆ ಮನುಷ್ಯನೇ ಒಂದು ಎಚ್ಚರಿಕೆಯಾಗಿದ್ದರು: ಶರೀರದ ಅಂಗಾಂಗಗಳನ್ನೇ ದೇಶಕ್ಕೆ ಕೊಟ್ಟಿದ್ದರೂ ಚುನಾವಣೆಯಲ್ಲಿ ಅದು ರಕ್ಷಣೆ ಕೊಡುವುದಿಲ್ಲ. ಪ್ರಚಾರ ನಡೆಸುತ್ತಿದ್ದವರು ಇದನ್ನು ಕಂಡೂ ಯಾಕೆ ಓದಿಕೊಳ್ಳಲಿಲ್ಲವೋ!

ಕೆರಿ ಬಂದು ಸೆಲ್ಯೂಟ್ ಹೊಡೆದು, ಕರ್ತವ್ಯಕ್ಕೆ ಹಾಜರಾಗಿದ್ದೇನೆ ಎಂದರು. ಅವರ ದೋಣಿಯ ಸಂಗಾತಿಗಳು ಅಲ್ಲಿದ್ದರು. ಭಾಷಣದಲ್ಲಿ ಒಳ್ಳೆಯ ಮಾತುಗಳೂ ಇದ್ದವು. ಬಾವುಟ ಯಾವ ಅಧ್ಯಕ್ಷರ, ಯಾವ ಪಕ್ಷದ ಸ್ವತ್ತೂ ಅಲ್ಲ, ಎಲ್ಲ ಅಮೆರಿಕನ್ನರದ್ದು ಎಂದರು. ನಂಬಿಕೆಯನ್ನು ನಾನು ಎಲ್ಲರಿಗೂ ಕಾಣುವ ಹಾಗೆ ತೋರಿಸಿಕೊಂಡು ಓಡಾಡುವವನಲ್ಲ, ಆದರೆ ವಿಯೆಟ್ನಾಂನಿಂದ ಇವತ್ತಿನವರೆಗೂ ಅದು ನನ್ನನ್ನು ನಡೆಸಿದೆ ಎಂದರು. ದೇವರು ನಮ್ಮ ಕಡೆ ಇದ್ದಾನೆ ಅನ್ನುವುದಕ್ಕಿಂತ, ನಾವು ದೇವರ ಕಡೆ ಇರುವಂತಾಗಲಿ ಅಂತ ಪ್ರಾರ್ಥಿಸೋಣ ಎಂಬ ಲಿಂಕನ್ ಮಾತನ್ನು ನೆನೆದರು. ಉದಾರ ಧಾರ್ಮಿಕ ಮನಸ್ಸು ದೇಶಪ್ರೇಮದ ಬಗ್ಗೆ ಹೇಳಬಹುದಾದ ಅತ್ಯಂತ ಚೊಕ್ಕ ಮಾತು ಇದೇ ಅಂತ ನನ್ನ ಅನಿಸಿಕೆ. ಆದರೆ ಅದು ಬಂತು, ಹೋಯಿತು. ಅದರ ಮೇಲೆ ಏನನ್ನೂ ಕಟ್ಟಲಿಲ್ಲ.

1971ರ ಸೆನೆಟ್ ಸಾಕ್ಷ್ಯವನ್ನಂತೂ ಆ ರಾತ್ರಿಯ ಭಾಷಣದೊಳಗೆ ಸೇರಿಸಲೇ ಇಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ಸೆಪ್ಟೆಂಬರ್ 11ರ ದಾಳಿಯ ನಂತರದ ಮೊದಲ ಅಧ್ಯಕ್ಷೀಯ ಚುನಾವಣೆ ಅದು. ಎರಡು ಯುದ್ಧ ನಡೆಯುತ್ತಿದ್ದವು. ಉದಾರವಾದಿ ಅಂದರೆ ಮೆತ್ತಗಿನವ ಅನ್ನುವ ಭಾವನೆ ಜನರಲ್ಲಿ ಇತ್ತು. ಅದನ್ನು ಅಳಿಸಲು ಪದಕ ಬೇಕು, ಪ್ರತಿಭಟನೆ ಬೇಡ ಅಂತ ಲೆಕ್ಕ ಹಾಕಿದರು. ಆ ಲೆಕ್ಕದಲ್ಲೇ ಸೋಲಿತ್ತು. ದೇಶಪ್ರೇಮ ಅಂದರೆ ಸಮವಸ್ತ್ರ ಅನ್ನುವ ಎದುರಾಳಿಯ ಅಳತೆಗೋಲನ್ನೇ ಇವರು ತಾವಾಗಿ ಒಪ್ಪಿಕೊಂಡ ಹಾಗಾಯಿತು. ಇನ್ನು ಆ ಸಮವಸ್ತ್ರಕ್ಕೆ ಒಂದು ಕಲೆ ಅಂಟಿಸಿದರೆ ಸಾಕು, ಕೈಯಲ್ಲಿ ಬೇರೇನೂ ಉಳಿಯುವುದಿಲ್ಲ ಅಲ್ವಾ?

ಆಗಸ್ಟ್

ಒಂದು ವಾರವೂ ಆಗಲಿಲ್ಲ. ಸ್ವಿಫ್ಟ್ ಬೋಟ್ ವೆಟರನ್ಸ್ ಫಾರ್ ಟ್ರುತ್ ಎಂಬ ಗುಂಪು ಒಂದು ನಿಮಿಷದ ಜಾಹೀರಾತು ಬಿಟ್ಟಿತು. ಓನೀಲ್ ಅದರ ಮುಂಚೂಣಿಯಲ್ಲಿದ್ದರು. ಕೆರಿ ಗಾಯದ ಬಗ್ಗೆ, ಶೌರ್ಯದ ಬಗ್ಗೆ ಸುಳ್ಳು ಹೇಳಿದ್ದಾರೆ ಅಂತ ಮಾಜಿ ನಾವಿಕರು ಒಬ್ಬರ ನಂತರ ಒಬ್ಬರು ಹೇಳುತ್ತಿದ್ದರು. ಒಹಾಯೊ, ವೆಸ್ಟ್ ವರ್ಜೀನಿಯಾ, ವಿಸ್ಕಾನ್ಸಿನ್ ಮೂರೇ ರಾಜ್ಯಗಳಲ್ಲಿ, ಸುಮಾರು 5 ಲಕ್ಷ ಡಾಲರ್ ಖರ್ಚಿನಲ್ಲಿ ಅದು ಪ್ರಸಾರವಾಯಿತು. ಅಧ್ಯಕ್ಷೀಯ ಚುನಾವಣೆಗೆ ಇದು ಚಿಲ್ಲರೆ ಹಣ. ಆದರೆ ಕೇಬಲ್ ಸುದ್ದಿವಾಹಿನಿಗಳು ಅದನ್ನು ಹಗಲೂ ರಾತ್ರಿ ಪುಕ್ಕಟೆಯಾಗಿ ತೋರಿಸಿದವು. ತಿಂಗಳೊಳಗೆ ದೇಶದ ಅರ್ಧಕ್ಕಿಂತ ಹೆಚ್ಚು ಜನ ಅದನ್ನು ನೋಡಿದ್ದರು ಇಲ್ಲವೇ ಅದರ ಬಗ್ಗೆ ಕೇಳಿದ್ದರು.

ಆರೋಪಗಳು ನಿಲ್ಲುತ್ತಿದ್ದವೇ? ಇಲ್ಲ. ಒಂದೊಂದಾಗಿ ನೋಡೋಣ.

ಮಾರ್ಚ್ 13ರಂದು ಶತ್ರುಗಳ ಗುಂಡೇ ಇರಲಿಲ್ಲ ಅಂತ ಲ್ಯಾರಿ ಥರ್ಲೋ ಹೇಳಿದರು. ಅವತ್ತು ಇನ್ನೊಂದು ದೋಣಿ ನಡೆಸುತ್ತಿದ್ದವರು ಅವರು. ಆದರೆ ಅದೇ ದಿನಕ್ಕೆ ಥರ್ಲೋ ಅವರಿಗೂ ಬ್ರಾಂಝ್ ಸ್ಟಾರ್ ಬಂದಿತ್ತು. ಅದರ ಪ್ರಶಸ್ತಿ ಪತ್ರದಲ್ಲಿ ಶತ್ರುಗಳ ಗುಂಡಿನ ಉಲ್ಲೇಖ ಇತ್ತು. ವಾಷಿಂಗ್ಟನ್ ಪೋಸ್ಟ್ ಆಗಸ್ಟ್ 19ರಂದು ಇದನ್ನು ಬಯಲಿಗೆ ತಂದಿತು. ನೀರಿಂದ ಮೇಲೆ ಬಂದ ರಾಸ್‌ಮನ್ ಅಂತೂ ಮೊದಲಿನಿಂದಲೂ ಗುಂಡು ಹಾರುತ್ತಿದ್ದದ್ದು ನಿಜ ಅನ್ನುತ್ತಲೇ ಇದ್ದರು. ಅವರು ರಿಪಬ್ಲಿಕನ್ ಪಕ್ಷದವರು. ಜನವರಿಯಲ್ಲಿ ತಾವೇ ಫೋನ್ ಮಾಡಿ ಕೆರಿಗೆ ಬೆಂಬಲ ಕೊಡಲು ಅಯೊವಾಕ್ಕೆ ಬಂದಿದ್ದರು.

ಫೆಬ್ರವರಿ 28ರ ಘಟನೆಯಲ್ಲಿ ಮೂರು ದೋಣಿಗಳಿದ್ದವು. ಒಬ್ಬ ನಾಯಕ ಕೆರಿ. ಇನ್ನೊಬ್ಬರು ಆರು ವಾರಗಳ ನಂತರ ಯುದ್ಧದಲ್ಲೇ ಸತ್ತರು. ಉಳಿದವರು ವಿಲಿಯಂ ರೂಡ್, ಆಗ ಷಿಕಾಗೊ ಟ್ರಿಬ್ಯೂನ್ ಪತ್ರಿಕೆಯಲ್ಲಿ ಸಂಪಾದಕರು. 35 ವರ್ಷ ಈ ವಿಷಯ ಮಾತಾಡದೆ ಇದ್ದ ಅವರು ಆಗಸ್ಟ್ 22ರಂದು ಬರೆದರು. ದಾಳಿಯಾದರೆ ದಡದ ಕಡೆಗೇ ತಿರುಗಬೇಕು ಅಂತ ಮೂವರೂ ಮೊದಲೇ ಮಾತಾಡಿಕೊಂಡಿದ್ದೆವು, ಜಾಹೀರಾತಿನವರು ಹೇಳುತ್ತಿರುವುದು ನಿಜವಲ್ಲ ಎಂದರು. ಅವತ್ತು ಕೆರಿ ಕೊಂದದ್ದು ಒಬ್ಬ ಹುಡುಗನನ್ನು ಅನ್ನುವ ಇನ್ನೊಂದು ಆರೋಪಕ್ಕೆ ಉತ್ತರ ಬಂದದ್ದು ಇನ್ನೂ ತಡವಾಗಿ. 2017ರ ಜನವರಿಯಲ್ಲಿ, ವಿದೇಶಾಂಗ ಕಾರ್ಯದರ್ಶಿಯಾಗಿ ಕೆರಿ ಅದೇ ನದಿಗೆ ಹೋದಾಗ ವಿಯೆಟ್‌ಕಾಂಗ್‌ನ (ಆಗ ಅಮೆರಿಕದ ವಿರುದ್ಧ ಹೋರಾಡಿದ ಪಡೆ) ಒಬ್ಬ ಮಾಜಿ ಯೋಧ ಎದುರಾದರು. ಸತ್ತವನು ತನಗೆ ಗೊತ್ತಿದ್ದವನು, 24 ವರ್ಷದ ಒಳ್ಳೆಯ ಸೈನಿಕ ಅಂತ ಹೇಳಿದರು.

ಕೆರಿಯ ಕೈಕೆಳಗೆ ಅವರ ದೋಣಿಗಳಲ್ಲಿ ಇದ್ದವರಲ್ಲಿ ಆ ಗುಂಪಿಗೆ ಸೇರಿದ್ದು ಒಬ್ಬರೇ. ನೌಕಾಪಡೆಯ ಇನ್‌ಸ್ಪೆಕ್ಟರ್ ಜನರಲ್ ಸೆಪ್ಟೆಂಬರ್‌ನಲ್ಲಿ ಕಡತ ನೋಡಿ, ಪದಕಗಳನ್ನು ಸರಿಯಾದ ಕ್ರಮದಲ್ಲೇ ಕೊಡಲಾಗಿದೆ ಎಂದರು. ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್ ಜಾಹೀರಾತು ಬಂದ ಕೂಡಲೇ ಅದನ್ನು ಅಪ್ರಾಮಾಣಿಕ, ಗೌರವಗೆಟ್ಟದ್ದು ಅಂತ ಕರೆದರು. ಅವರಿಗೂ ಇಂಥದ್ದರ ನೋವು ಗೊತ್ತಿತ್ತು. ಐದೂವರೆ ವರ್ಷ ವಿಯೆಟ್ನಾಂ ಸೆರೆಯಲ್ಲಿದ್ದ ಅವರ ಮೇಲೆ 2000ದ ಸೌತ್ ಕ್ಯಾರೊಲೈನಾ ಪ್ರಾಥಮಿಕ ಚುನಾವಣೆಯಲ್ಲಿ, ಮಾಜಿ ಸೈನಿಕರನ್ನು ಮರೆತವರು ಅಂತ ಆರೋಪ ಹೊರಿಸಿದ್ದರು.

ಬುಷ್ ಏನು ಮಾಡಿದರು? ಕೆರಿಯ ಸೇವೆಯನ್ನು ಹೊಗಳಿದರು. ಹೊರಗಿನ ಗುಂಪುಗಳ ಜಾಹೀರಾತುಗಳೆಲ್ಲ ನಿಲ್ಲಬೇಕು ಎಂದರು. ಈ ಒಂದು ಜಾಹೀರಾತನ್ನು ಹೆಸರಿಟ್ಟು ಖಂಡಿಸಲಿಲ್ಲ. ಆಗಸ್ಟ್ 25ರಂದು, ಅವರ ಪ್ರಚಾರದ ವಕೀಲರೊಬ್ಬರು ಆ ಗುಂಪಿಗೂ ಕಾನೂನು ಸಲಹೆ ಕೊಟ್ಟದ್ದು ಹೊರಬಿದ್ದು ರಾಜೀನಾಮೆ ಕೊಟ್ಟರು. ನ್ಯಾಯವಾಗಿ ಹೇಳಬೇಕಾದದ್ದು ಇನ್ನೊಂದಿದೆ. ಬುಷ್ ಅವರ ನ್ಯಾಷನಲ್ ಗಾರ್ಡ್ ದಿನಗಳ ಮೇಲೂ ಕೆಸರು ಎರಚಲಾಯಿತು. ಅಂಥ ಒಂದು ಜಾಹೀರಾತನ್ನು ಮೆಕೇನ್ ಕೇಳಿಕೊಂಡ ಮೇಲೆ ಕೆರಿ ಖಂಡಿಸಿದರು. ಸೆಪ್ಟೆಂಬರ್‌ನಲ್ಲಿ ಸಿಬಿಎಸ್ ವಾಹಿನಿ ಬುಷ್ ಅವರ ಅದೇ ದಿನಗಳ ಬಗ್ಗೆ ತೋರಿಸಿದ ದಾಖಲೆಗಳು ಅಸಲಿ ಅಂತ ಸಾಬೀತು ಮಾಡಲಾಗದೆ ಅದು ಕ್ಷಮೆ ಕೇಳಬೇಕಾಯಿತು.

ರಿಪಬ್ಲಿಕನ್ ಸಮಾವೇಶದಲ್ಲಿ ಕೆಲವು ಪ್ರತಿನಿಧಿಗಳು ನೇರಳೆ ಹೃದಯದ ಚಿತ್ರವಿದ್ದ ಬ್ಯಾಂಡೇಜ್ ಅಂಟಿಸಿಕೊಂಡು ಬಂದರು. ಕೆರಿಯ ಗಾಯಗಳು ಪರಚುಗಾಯ ಅಂತ ಗೇಲಿ ಮಾಡುವುದು ಉದ್ದೇಶ. ಇರಾಕ್‌ನಲ್ಲಿ ಆ ವಾರವೂ ಹುಡುಗರಿಗೆ ಅದೇ ಪರ್ಪಲ್ ಹಾರ್ಟ್ ಕೊಡುತ್ತಿದ್ದರು. ಸೈನಿಕರ ಗೌರವದ ಹೆಸರಲ್ಲಿ ಮಾಡಿದ ಈ ಕೆಲಸವನ್ನು ನೆನೆದರೆ ಇಷ್ಟು ವರ್ಷದ ಮೇಲೂ ಸಿಟ್ಟು ಬರುತ್ತದೆ.

ಇನ್ನು ಕೆರಿಯ ಮೌನ. ಜಾಹೀರಾತು ಬಂದು ಎರಡು ವಾರ ಅವರು ನೇರವಾಗಿ ಬಾಯಿಬಿಡಲಿಲ್ಲ. ದುಡ್ಡಿನ ಕಾರಣ ಒಂದಿತ್ತು. ಸರಕಾರದಿಂದ ಸಿಗುವ ಸುಮಾರು 7.5 ಕೋಟಿ ಡಾಲರ್ ಚುನಾವಣಾ ಹಣ ಪಕ್ಷದ ಸಮಾವೇಶ ಮುಗಿದ ದಿನದಿಂದ ಲೆಕ್ಕಕ್ಕೆ ಬರುತ್ತಿತ್ತು. ಬುಷ್ ಸಮಾವೇಶ ಐದು ವಾರ ತಡವಾಗಿ ಇದ್ದದ್ದರಿಂದ, ಅಷ್ಟೇ ಹಣವನ್ನು ಕೆರಿ ಐದು ವಾರ ಜಾಸ್ತಿ ಎಳೆಯಬೇಕಿತ್ತು. ಸುಮ್ನೆ ಉತ್ತರ ಕೊಟ್ಟು ಸುಳ್ಳಿಗೆ ಬೆಲೆ ತರುವುದು ಬೇಡ ಅಂತಲೂ ಸಲಹೆಗಾರರು ಯೋಚಿಸಿದ್ದರು. ಕೊನೆಗೆ ಆಗಸ್ಟ್ 19ರಂದು ಬಾಸ್ಟನ್‌ನಲ್ಲಿ ಅಗ್ನಿಶಾಮಕ ಸಿಬ್ಬಂದಿಯ ಸಮಾವೇಶದಲ್ಲಿ ಮಾತಾಡಿದರು. ದಾಳಿಯಾದಾಗ ದೋಣಿಯನ್ನು ದಾಳಿಯ ಕಡೆಗೇ ತಿರುಗಿಸಬೇಕು ಅಂತ ಯುದ್ಧದಲ್ಲಿ ಕಲಿತೆ ಎಂದರು. ಚೆನ್ನಾದ ಮಾತು. ಆದರೆ ಪದಕ ಕಾಯುವ ಮಾತು.

ಆ ಹೊತ್ತಿಗೆ ಎರಡನೇ ಜಾಹೀರಾತು ಸಿದ್ಧವಾಗಿತ್ತು. ಅದರಲ್ಲಿ ಪದಕದ ಸುದ್ದಿಯೇ ಇಲ್ಲ. 1971ರ ಸಾಕ್ಷ್ಯದ ಕೆರಿಯ ಸ್ವಂತ ಧ್ವನಿ, ಅದರ ಜೊತೆ ಹನೋಯ್ ಸೆರೆಯಲ್ಲಿದ್ದವರ ನೋವು. ಈ ಜಾಹೀರಾತಿಗೆ ಯಾವ ಪ್ರಶಸ್ತಿ ಪತ್ರವೂ ಉತ್ತರವಾಗುತ್ತಿರಲಿಲ್ಲ. ಧ್ವನಿ ನಿಜ. ನೋವೂ ನಿಜ. ಕೆರಿ ಹೇಳಿದ್ದು ಬೇರೆಯವರ ಸಾಕ್ಷ್ಯ ಅನ್ನುವುದನ್ನು, ಬೆರಳು ತೋರಿಸಿದ್ದು ನಾಯಕರ ಕಡೆಗೆ ಅನ್ನುವುದನ್ನು ಕತ್ತರಿಸಿ ಬಿಟ್ಟಿದ್ದರು. ಅದನ್ನು ತುಂಬಿ ಹೇಳಬೇಕಾಗಿದ್ದವರು ಕೆರಿ ಒಬ್ಬರೇ. ಏಪ್ರಿಲ್‌ನಲ್ಲಿ ಟಿವಿ ಸಂದರ್ಶನದಲ್ಲಿ ಅಂದಿನ ಕೆಲವು ಮಾತು ಅತಿಯಾಯಿತು ಅಂತ ಒಪ್ಪಿದ್ದರು. ಎಸೆದದ್ದು ರಿಬ್ಬನ್ನೋ ಪದಕವೋ ಅನ್ನುವ ಜಗ್ಗಾಟದಲ್ಲೂ ಸಿಕ್ಕಿಕೊಂಡಿದ್ದರು. ಆದರೆ ನಾನು ಮಾತಾಡಿದ್ದು ಯಾಕೆ, ಮತ್ತೆ ಅಂಥ ಸಂದರ್ಭ ಬಂದರೆ ಮತ್ತೆ ಮಾತಾಡುತ್ತೇನೆ ಅಂತ ಆ ಸೆರೆಯಾಳುಗಳ ಮುಖ ನೋಡಿ ಹೇಳುವ ಭಾಷಣ ಆ ಆಗಸ್ಟ್‌ನಲ್ಲಿ ಬರಲಿಲ್ಲ.

ಇರಾಕ್ ಬಾಯಿ ಕಟ್ಟಿತ್ತು

ಯಾಕೆ ಬರಲಿಲ್ಲ ಅನ್ನುವುದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಇರಾಕ್. 2002ರ ಅಕ್ಟೋಬರ್‌ನಲ್ಲಿ ಕೆರಿ ಬುಷ್‌ಗೆ ಇರಾಕ್ ಮೇಲೆ ಯುದ್ಧ ಮಾಡುವ ಅಧಿಕಾರ ಕೊಡಲು ಹೌದು ಅಂತ ಮತ ಹಾಕಿದ್ದರು. ಮಾರನೇ ವರ್ಷ ಯುದ್ಧಕ್ಕೆ ಬೇಕಾದ 8,700 ಕೋಟಿ ಡಾಲರ್‌ಗೆ ಬೇಡ ಅಂದರು. ಮೊದಲು ಪರವಾಗಿ ಮತ ಹಾಕಿದ್ದೆ, ಆಮೇಲೆ ವಿರುದ್ಧ ಹಾಕಿದೆ ಅಂತ 2004ರ ಮಾರ್ಚ್‌ನಲ್ಲಿ ಕೊಟ್ಟ ವಿವರಣೆ ಅವರಿಗೇ ಮುಳುವಾಯಿತು. ಆಗಸ್ಟ್ 9ರಂದು, ಜಾಹೀರಾತಿನ ಗಲಾಟೆಯ ನಡುವೆಯೇ, ಗ್ರ್ಯಾಂಡ್ ಕ್ಯಾನ್ಯನ್ ಬಳಿ ಸುದ್ದಿಗಾರರಿಗೆ ಇನ್ನೊಂದು ಮಾತು ಹೇಳಿದರು: ಈಗ ಗೊತ್ತಿರುವುದೆಲ್ಲ ಆಗ ಗೊತ್ತಿದ್ದರೂ ಆ ಅಧಿಕಾರಕ್ಕೆ ಮತ ಹಾಕುತ್ತಿದ್ದೆ.

ಈ ಉತ್ತರ ಕೊಟ್ಟವರು 1971ರ ಯುವಕನನ್ನು ಹೇಗೆ ಸಮರ್ಥಿಸಬಲ್ಲರು?

ಸೆಪ್ಟೆಂಬರ್‌ನಲ್ಲಿ ಇರಾಕ್‌ನಲ್ಲಿ ಸತ್ತ ಅಮೆರಿಕನ್ ಸೈನಿಕರ ಸಂಖ್ಯೆ 1,000 ದಾಟಿತು. ಸೆಪ್ಟೆಂಬರ್ 20ರಂದು ನ್ಯೂಯಾರ್ಕ್‌ನಲ್ಲಿ ಕೆರಿ ಕೊನೆಗೂ ಇರಾಕ್ ಬಗ್ಗೆ ಗಟ್ಟಿಯಾಗಿ ಮಾತಾಡಿದರು. ಹತ್ತು ದಿನದ ನಂತರ ಬುಷ್ ಜೊತೆ ಮೊದಲ ಟಿವಿ ಚರ್ಚೆ. ನಡೆಸಿಕೊಡುತ್ತಿದ್ದ ಜಿಮ್ ಲೆಹ್ರರ್ 1971ರ ಅದೇ ಸಾಲನ್ನು ಓದಿ, ಇರಾಕ್‌ನಲ್ಲಿ ಈಗ ಅಮೆರಿಕನ್ನರು ತಪ್ಪೊಂದಕ್ಕಾಗಿ ಸಾಯುತ್ತಿದ್ದಾರಾ ಅಂತ ಕೇಳಿದರು. ಕೆರಿ ಇಲ್ಲ ಎಂದರು, ಸರಿಯಾದ ನಾಯಕತ್ವ ಸಿಕ್ಕರೆ ಹಾಗಾಗುವುದಿಲ್ಲ ಎಂದರು. ಆ ಚರ್ಚೆಯಲ್ಲಿ ಅವರು ಗೆದ್ದರು ಅಂತ ಹೆಚ್ಚಿನವರು ಹೇಳಿದರು. ಆದರೂ ಈ ಪ್ರಕರಣದ ನಡುಗಂಬ ಆ ಒಂದು ಪ್ರಶ್ನೋತ್ತರ ಅಂತ ನನಗನ್ನಿಸುತ್ತದೆ. ಮಗನನ್ನು ಯುದ್ಧಕ್ಕೆ ಕಳಿಸಿದ ತಾಯಿ ಕೇಳುತ್ತಿರುವಾಗ ಹೌದು, ತಪ್ಪಿಗಾಗಿ ಅನ್ನುವುದು ಯಾರಿಗೂ ಸುಲಭವಲ್ಲ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 27ರ ವಯಸ್ಸಿನಲ್ಲಿ ಅವರು ಅದೇ ಕಷ್ಟದ ಕೆಲಸ ಮಾಡಿದ್ದರು, ಅವರ ಹೆಸರು ದೇಶಕ್ಕೆ ಗೊತ್ತಾದದ್ದೂ ಅದರಿಂದಲೇ.

ಅಕ್ಟೋಬರ್‌ನ ಚರ್ಚೆಗಳಲ್ಲಿ ನಂಬಿಕೆಯ ಬಗ್ಗೆ ಅವರು ಹೆಚ್ಚು ಬಿಚ್ಚಿ ಮಾತಾಡಿದರು. ಧರ್ಮ ನನ್ನನ್ನು ಯುದ್ಧದಲ್ಲಿ ನಡೆಸಿತು ಎಂದರು. ಕ್ರಿಯೆ ಇಲ್ಲದ ವಿಶ್ವಾಸ ಸತ್ತದ್ದು ಎಂಬ ಯಾಕೋಬನ ಪತ್ರಿಕೆಯ ಮಾತನ್ನು ಹೇಳಿದರು. ಅಷ್ಟರಲ್ಲಿ ತಡವಾಗಿತ್ತು.

ಫಲಿತಾಂಶ

ನವೆಂಬರ್ 2ರಂದು ಬುಷ್‌ಗೆ ಶೇಕಡ 50.7, ಕೆರಿಗೆ ಶೇಕಡ 48.3 ಮತ ಬಂದವು. ಅಧ್ಯಕ್ಷರನ್ನು ಕೊನೆಗೆ ಆರಿಸುವ, ರಾಜ್ಯವಾರು ಹಂಚಿದ ಚುನಾಯಕರ ಲೆಕ್ಕದಲ್ಲಿ 286–251. ಒಹಾಯೊದಲ್ಲಿ ಸುಮಾರು 1.18 ಲಕ್ಷ ಮತಗಳ ಅಂತರ ಎಲ್ಲವನ್ನೂ ನಿರ್ಧರಿಸಿತು. ಮತಗಟ್ಟೆ ಸಮೀಕ್ಷೆಯ ಪ್ರಕಾರ, ಸೇನೆಯಲ್ಲಿ ದುಡಿದವರಲ್ಲಿ ಶೇಕಡ 57 ಬುಷ್ ಕಡೆ, 41 ಕೆರಿ ಕಡೆ. ಕ್ಯಾಥೊಲಿಕರಲ್ಲೂ ಬುಷ್ ಮುಂದಿದ್ದರು, 52–47. ಸೈನಿಕ ಸೈನಿಕರನ್ನೂ ಕ್ಯಾಥೊಲಿಕ್ ಕ್ಯಾಥೊಲಿಕರನ್ನೂ ಗೆಲ್ಲಲಿಲ್ಲ. ಇದಕ್ಕೆಲ್ಲ ಒಂದು ಜಾಹೀರಾತೇ ಕಾರಣ ಅನ್ನಲು ಆಗುವುದಿಲ್ಲ. ಯುದ್ಧದ ಹೊತ್ತಿನಲ್ಲಿ ಕೂತಿರುವ ಅಧ್ಯಕ್ಷರನ್ನು ಬದಲಾಯಿಸಲು ಜನ ಹಿಂಜರಿಯುತ್ತಾರೆ ಅನ್ನುವುದೂ ಲೆಕ್ಕಕ್ಕೆ ಬರಬೇಕು.

ಆ ಗುಂಪು ಒಟ್ಟು 2 ಕೋಟಿ ಡಾಲರ್‌ಗೂ ಜಾಸ್ತಿ ಖರ್ಚು ಮಾಡಿತ್ತು. 2006ರ ಡಿಸೆಂಬರ್‌ನಲ್ಲಿ ಚುನಾವಣಾ ಆಯೋಗದ ಜೊತೆ ರಾಜಿಯಾಗಿ 2,99,500 ಡಾಲರ್ ದಂಡ ಕಟ್ಟಿತು. ಹಣಕಾಸಿನ ನಿಯಮ ಮೀರಿದ್ದಕ್ಕೆ ಆ ದಂಡ, ಹೇಳಿದ ಮಾತಿಗಲ್ಲ. ಕೆರಿಗೆ ಬೆಂಬಲವಾಗಿದ್ದ ಮೂವ್‌ಆನ್ ಸಂಸ್ಥೆಯೂ ಆಗ 1,50,000 ಡಾಲರ್ ಕಟ್ಟಿತು.

ಅದೇ 2006ರ ಏಪ್ರಿಲ್ 22ರಂದು, ಸೆನೆಟ್ ಸಾಕ್ಷ್ಯಕ್ಕೆ 35 ವರ್ಷ ತುಂಬಿದ ದಿನ, ಕೆರಿ ಬಾಸ್ಟನ್‌ನ ಫ್ಯಾನ್ಯೂಯಿಲ್ ಹಾಲ್‌ನಲ್ಲಿ ಮಾತಾಡಿದರು. 2004ರಲ್ಲಿ ಸೋಲು ಒಪ್ಪಿಕೊಂಡದ್ದೂ ಅಲ್ಲೇ. ಹೊರದೇಶದಲ್ಲಿ ದೇಶಕ್ಕಾಗಿ ಹೋರಾಡುವುದು, ಒಳಗೆ ದೇಶದ ಆದರ್ಶಗಳಿಗಾಗಿ ಹೋರಾಡುವುದು ಬೇರೆ ಬೇರೆ ಕರ್ತವ್ಯ ಅಲ್ಲ, ಎರಡೂ ಒಂದೇ ದೇಶಪ್ರೇಮ ಎಂದರು. ಇರಾಕ್ ಯುದ್ಧವನ್ನು ವಿರೋಧಿಸುವವರ ಪರ ನಿಂತರು. ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಪೆಪ್ಪರ್‌ಡೈನ್ ವಿಶ್ವವಿದ್ಯಾಲಯಕ್ಕೆ ಹೋಗಿ, ತಮ್ಮ ಕ್ಯಾಥೊಲಿಕ್ ನಂಬಿಕೆ ಮತ್ತು ರಾಜಕೀಯದ ಬಗ್ಗೆ ಉದ್ದವಾಗಿ ಮಾತಾಡಿದರು. 2004ರಲ್ಲಿ ಈ ಎರಡು ಭಾಷಣ ಮಾಡಿದ್ದರೆ ಒಹಾಯೊ ಕೈಗೆ ಸಿಗುತ್ತಿತ್ತು ಅಂತ ನಾನು ಹೇಳಲಾರೆ. ಕೆಲವರು ಇನ್ನೂ ದೂರ ಹೋಗುತ್ತಿದ್ದರೋ ಏನೋ. ಆದರೆ ಆಗ ಜನ ತೂಗಿ ನೋಡುತ್ತಿದ್ದದ್ದು ಪೂರ್ತಿ ಮನುಷ್ಯನನ್ನು. ಆ ಎರಡನೇ ಜಾಹೀರಾತು ಮಾಡಿದವರಿಗೂ, ಇಗೋ ಅವನು ಬಚ್ಚಿಟ್ಟದ್ದು ಅಂತ ತೋರಿಸಲು ಏನೂ ಉಳಿಯುತ್ತಿರಲಿಲ್ಲ.